ಮದ್ದಿಗೆ ಮೊದಲು ರೋಗ ತಿಳಿಯಿರಿ: ಮಿಸ್ ಹೊಡೆಯುವ ಹಳೆಯ ಗಾಡಿ ಕಲಿಸಿದ ಪಾಠ

ಸದಸ್ಯ ಬಾಂಧವರೇ,

ಈ ಪುಟಗಳಲ್ಲಿ ಸಾಮಾನ್ಯವಾಗಿ ನಾನು ಬರೆಯುವುದು ಗೊಬ್ಬರದ ದಾಸ್ತಾನು, ಮೈಲುತುತ್ತದ ಹಂಚಿಕೆ, ಸಾಲದ ವಾಯಿದೆ ಇವುಗಳ ವಿಚಾರ. ಈ ಸಲ ಒಂದು ಹಳೆಯ ಇಂಜಿನಿನ ವಿಚಾರ ಬರೆಯುತ್ತಿದ್ದೇನೆ. ಸಂಘದ ಪತ್ರಿಕೆಗೂ ಇಂಜಿನಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಪೂರ್ತಿ ಓದಿದ ಮೇಲೆ ಸಂಬಂಧ ಇದೆಯೋ ಇಲ್ಲವೋ ತಾವೇ ತೀರ್ಮಾನಿಸಬೇಕೆಂದು ಕೋರುತ್ತೇನೆ.

ಸಂಘದ ಗೋದಾಮಿನ ಅಂಗಳಕ್ಕೆ ಗೊಬ್ಬರ ಒಯ್ಯಲು ಬರುವ ಸದಸ್ಯರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತು ಒಂದಿದೆ: ‘ಗಾಡಿ ಮಿಸ್ ಹೊಡೀತಾ ಇದೆ, ಏನೇನೋ ಹಾಕ್ಸಿ ಆಯ್ತು, ಸರಿ ಹೋಗ್ಲಿಲ್ಲ.’ ಈ ಮಾತಿನಲ್ಲಿ ‘ಏನೇನೋ ಹಾಕ್ಸಿ ಆಯ್ತು’ ಎಂಬ ಭಾಗವೇ ನಿಜವಾದ ಕಾಯಿಲೆ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಓದಿನಿಂದಲ್ಲ, ನನ್ನದೇ ತಪ್ಪಿನಿಂದ. ಆದ್ದರಿಂದ ಮೊದಲು ಆ ತಪ್ಪನ್ನೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ಪಿಕಪ್ಪು ಇದೆ. ವಿಲ್ಲಿಸ್ ಜೀಪಿನ ವಂಶದ ನಾಲ್ಕು ಸಿಲಿಂಡರಿನ ಪೆಟ್ರೋಲು ಇಂಜಿನು, 134 ಘನ ಇಂಚಿನದು. ಹಳಬರು ‘ಹರಿಕೇನ್’ ಎಂದು ಕರೆಯುವುದು ಇದನ್ನೇ. ಒಳಹೋಗುವ ವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊಗೆ ಹೊರಹಾಕುವ ವಾಲ್ವು ಕೆಳಗಿನ ಬ್ಲಾಕಿನಲ್ಲಿ ಇರುವ ವಿಚಿತ್ರ ರಚನೆ. ವೇಗ ಇಲ್ಲ. ಆದರೆ ಮೂಟೆ ಹೇರಿಕೊಂಡು ಕೆಸರಿನ ಏರು ಹತ್ತುವುದರಲ್ಲಿ ಇದಕ್ಕೆ ಸರಿಸಾಟಿಯಾದದ್ದು ಕಡಿಮೆ. ನಮ್ಮ ಸೀಮೆಯ ತೋಟದ ಮನೆಗಳಲ್ಲಿ ಇಂತಹವು ಇಂದಿಗೂ ಉಳಿದಿರುವುದು ಅದಕ್ಕೇ.

2024ರ ಮುಂಗಾರಿನಲ್ಲಿ ಈ ಗಾಡಿ ಮಿಸ್ ಹೊಡೆಯಲು ಶುರುಮಾಡಿತು. ಖಾಲಿ ಇದ್ದಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಹೊರೆ ಹೇರಿ ಏರು ಹಿಡಿಸಿದರೆ ಜಗ್ಗಿ ಜಗ್ಗಿ, ಕೆಮ್ಮುವ ಮುದುಕನ ಹಾಗೆ ಹೋಗುತ್ತಿತ್ತು. ಪೇಟೆಯ ಗ್ಯಾರೇಜಿಗೆ ಒಯ್ದೆವು. ಹೊಸ ಪ್ಲಗ್ಗು ಹಾಕಿದರು, ಸರಿಹೋಯಿತು. ಹದಿನೈದು ದಿನಕ್ಕೆ ಮತ್ತೆ ಅದೇ ರಾಗ. ಪಾಯಿಂಟು, ಕಂಡೆನ್ಸರು ಬದಲಾಯಿಸಿದರು. ಆಮೇಲೆ ಕಾಯಿಲು. ಆಮೇಲೆ ಪ್ಲಗ್ಗಿನ ವೈರುಗಳು. ಒಂದು ಪ್ಲಗ್ಗು ಕಪ್ಪಾಗಿ ಪೆಟ್ರೋಲಿನಲ್ಲಿ ನೆನೆದು ಬಂದದ್ದನ್ನು ಕಂಡು ‘ಕಾರ್ಬ್ಯುರೇಟರು ಜಾಸ್ತಿ ಕುಡಿಸ್ತಾ ಇದೆ’ ಎಂದು ಅದನ್ನೂ ಬಿಚ್ಚಿ ಹೊಸ ಕಿಟ್ ಹಾಕಿದರು. ಮತ್ತೆ ಎರಡು ಸಲ ಪ್ಲಗ್ಗು. ಐದು ತಿಂಗಳಲ್ಲಿ ಇಪ್ಪತ್ತೆರಡು ಸಾವಿರ ರೂಪಾಯಿ ಕೈಬಿಟ್ಟಿತು. ಗ್ಯಾರೇಜಿನವರನ್ನು ನಾನು ದೂರುವುದಿಲ್ಲ. ‘ಏನಾದರೂ ಹಾಕಿ, ನಾಳೆ ಗಾಡಿ ಬೇಕು’ ಎಂದು ಅವಸರ ಮಾಡಿದವನು ನಾನೇ.

ಹಣ ಹೋದದ್ದು ದೊಡ್ಡದಲ್ಲ. ಮಿಸ್ ಹೊಡೆಯುವ ಇಂಜಿನು ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಲೀಟರಿಗೆ ಏಳು ಕಿಲೋಮೀಟರು ಕೊಡುತ್ತಿದ್ದ ಗಾಡಿ ಐದಕ್ಕೆ ಇಳಿಯಿತು. ಲೆಕ್ಕ ಬರೆದಿಡುವ ಅಭ್ಯಾಸದವನಾದ ನನಗೆ ಪುಸ್ತಕದಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಎದ್ದು ಕಂಡಾಗ ಮನಸ್ಸು ಇಂಜಿನಿನ ಕಡೆಗೆ ಹೋಗಲಿಲ್ಲ, ಡ್ರೈವರಿನ ಕಡೆಗೆ ಹೋಯಿತು. ಒಂಬತ್ತು ವರ್ಷ ನಮ್ಮಲ್ಲಿ ದುಡಿದವನನ್ನು ಅಂಗಳದಲ್ಲಿ ನಾಲ್ಕು ಜನರ ಎದುರು ನಿಲ್ಲಿಸಿ, ‘ಪೆಟ್ರೋಲು ಎಲ್ಲಿಗೆ ಹೋಗ್ತಿದೆ?’ ಎಂದು ಕೇಳಿದೆ. ಆತ ಎದುರುತ್ತರ ಕೊಡಲಿಲ್ಲ. ವಾರದ ಕೊನೆಗೆ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಹೋದವನು ಮತ್ತೆ ಬರಲಿಲ್ಲ.

ಡಿಸೆಂಬರಿನ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಗೂ ಬಂದದ್ದು ತಮಗೆಲ್ಲ ನೆನಪಿದೆ. ಅರೇಬಿಕಾ ಹಣ್ಣು ಕೀಳುವ ಕಾಲ. ಮಳೆಯ ನಡುವೆ ಕಿತ್ತ ಹಣ್ಣನ್ನು ಮೂಟೆ ಕಟ್ಟಿ ಸಂಜೆ ಪಲ್ಪರಿಗೆ ಒಯ್ಯಲು ನಾನೇ ಗಾಡಿ ತೆಗೆದೆ. ಏರಿನ ಅರ್ಧದಲ್ಲಿ ಗಾಡಿ ಮುಂದೆ ಹೋಗಲೊಲ್ಲದು. ಅರ್ಧ ಮೂಟೆ ಇಳಿಸಿದರೂ ಹೋಗಲಿಲ್ಲ. ಹಣ್ಣು ರಾತ್ರಿಯಿಡೀ ಮೂಟೆಯಲ್ಲೇ ಕುಳಿತು ಬಿಸಿಯೇರಿ ಹುಳಿಬಂತು. ಪಾರ್ಚ್‌ಮೆಂಟ್ ಆಗಬೇಕಿದ್ದದ್ದು ಚೆರಿಯಾಗಿ, ಅದರಲ್ಲೂ ಕಡಿಮೆ ದರಕ್ಕೆ ಹೋಯಿತು. ಆ ರಾತ್ರಿ ನಿದ್ದೆ ಬರದೆ ಕುಳಿತಾಗ ಡ್ರೈವರು ಜುಲೈ ತಿಂಗಳಲ್ಲೇ ಹೇಳಿದ್ದ ಒಂದು ಮಾತು ನೆನಪಾಯಿತು: ‘ಅಯ್ಯಾ, ಮಳೆ ಮಂಜು ಇದ್ದ ದಿನ ಮಾತ್ರ ಇದು ಕೈಕೊಡುತ್ತೆ. ಬಿಸಿಲು ಕಂಡ್ರೆ ಸುಮ್ನಾಗುತ್ತೆ.’ ನಾನು ಬಿ.ಎಸ್ಸಿ. ಓದಿದವನು, ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಳೆ ಪುಸ್ತಕ ಹೇಳಿದ ಸತ್ಯ

ನಮ್ಮಲ್ಲಿ ಪ್ರತಿಯೊಬ್ಬ ಬೆಳೆಗಾರನೂ ಮಳೆ ಅಳೆದು ಇಂಚು-ಸೆಂಟಿನಲ್ಲಿ ಬರೆದಿಡುತ್ತಾನೆ. ಮಂಜು ಬಿದ್ದ ದಿನ ಷರಾ ಬರೆಯುವುದೂ ನಮ್ಮ ಮನೆಯಲ್ಲಿ ತಂದೆಯವರಿಂದ ಬಂದ ರೂಢಿ. ಮಾರನೆಯ ದಿನ ಮಳೆ ಪುಸ್ತಕವನ್ನೂ ಗಾಡಿಯ ಖರ್ಚಿನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಕುಳಿತೆ. ಗಾಡಿ ಕೈಕೊಟ್ಟ ದಿನಗಳು ಒಟ್ಟು ಹದಿನಾಲ್ಕು. ಅದರಲ್ಲಿ ಹದಿಮೂರು ದಿನ ಮಳೆಯೋ ಮಂಜೋ ದಾಖಲಾಗಿತ್ತು. ಉಳಿದ ಒಂದು ದಿನದ ಎದುರು ‘ಗಾಡಿ ತೊಳೆಸಿದ್ದು’ ಎಂದು ನನ್ನದೇ ಕೈಬರಹ.

ಅಂದರೆ ರೋಗ ಇದ್ದದ್ದು ತೇವದಲ್ಲಿ. ಗ್ಯಾರೇಜಿನವರು ಪರೀಕ್ಷಿಸುತ್ತಿದ್ದದ್ದು ಒಣ ಶೆಡ್ಡಿನಲ್ಲಿ, ಹೊರೆ ಇಲ್ಲದೆ. ಅಲ್ಲಿ ಅದು ಎಂದೂ ಕಾಣಿಸಿಕೊಳ್ಳುವಂತಿರಲಿಲ್ಲ.

ಅಂದು ರಾತ್ರಿ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು, ದೀಪ ಆರಿಸಿ, ಇಂಜಿನು ಚಾಲೂ ಮಾಡಿ, ಬಾನೆಟ್ಟು ಎತ್ತಿ, ಹೂಗಿಡಕ್ಕೆ ನೀರು ಸಿಂಪಡಿಸುವ ಸಣ್ಣ ಡಬ್ಬಿಯಿಂದ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ ಹನಿಯಂತೆ ನೀರು ಹಾರಿಸಿದೆ. ಕ್ಷಣದಲ್ಲಿ ಇಂಜಿನು ಮಿಸ್ ಹೊಡೆಯತೊಡಗಿತು. ಕತ್ತಲೆಯಲ್ಲಿ ಕ್ಯಾಪಿನ ಮೂರನೆಯ ಸಿಲಿಂಡರಿನ ಕೊಳವೆಯಿಂದ ಕ್ಯಾಪನ್ನು ಹಿಡಿದಿಡುವ ಕಬ್ಬಿಣದ ಕ್ಲಿಪ್ಪಿಗೆ ನೀಲಿ ಕಿಡಿ ಸರಸರ ಹರಿಯುವುದು ಕಂಡಿತು. ಬೆಳಗ್ಗೆ ಕ್ಯಾಪು ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಪೆನ್ಸಿಲಿನಿಂದ ಎಳೆದಂತಹ ಕೂದಲೆಳೆಯಷ್ಟು ಕಪ್ಪು ಗೆರೆ. ಐದು ತಿಂಗಳಲ್ಲಿ ಎಲ್ಲವನ್ನೂ ಬದಲಾಯಿಸಿದ್ದೆವು. ಕ್ಯಾಪನ್ನು ಮಾತ್ರ ‘ನೋಡಲು ಚೆನ್ನಾಗಿದೆ’ ಎಂದು ಒರೆಸಿ ಒರೆಸಿ ಮತ್ತೆ ಹಾಕುತ್ತಿದ್ದೆವು. ಕ್ಯಾಪಿನ ಬೆಲೆ ಕೆಲವೇ ನೂರು ರೂಪಾಯಿ. ಹಾಕಿದಂದಿನಿಂದ ಗಾಡಿ ಮಿಸ್ ಹೊಡೆದಿಲ್ಲ, ಲೀಟರಿಗೆ ಏಳು ಕಿಲೋಮೀಟರೂ ಮರಳಿ ಬಂದಿದೆ.

ಹಾಗಾದರೆ ಹೊಸ ಪ್ಲಗ್ಗು ಹಾಕಿದಾಗಲೆಲ್ಲ ಹದಿನೈದು ದಿನ ಸರಿಯಾಗುತ್ತಿದ್ದುದೇಕೆ? ಕಿಡಿ ನೀರಿನ ಹಾಗೆ, ಸುಲಭದ ದಾರಿ ಹುಡುಕುತ್ತದೆ. ಹೊಸ ಪ್ಲಗ್ಗಿನ ತುದಿ ಚೂಪು, ಸಂದು ಅಳತೆಗೆ ಸರಿ. ಅಲ್ಲಿ ಹಾರಲು ಕಡಿಮೆ ಒತ್ತಡ ಸಾಕು. ಪ್ಲಗ್ಗು ಸವೆದು ಕರಿಹಿಡಿದಂತೆ ಹೆಚ್ಚು ಒತ್ತಡ ಬೇಕಾಗುತ್ತದೆ, ಆಗ ಕಿಡಿ ಬಿರುಕಿನ ದಾರಿ ಹಿಡಿಯುತ್ತದೆ. ಏರಿನಲ್ಲಿ ಹೊರೆ ಎಳೆಯುವಾಗ ಸಿಲಿಂಡರಿನೊಳಗೆ ಮಿಶ್ರಣದ ಒತ್ತಡ ಹೆಚ್ಚುವುದರಿಂದ ಅಲ್ಲಿ ಕಿಡಿ ಹಾರುವುದು ಇನ್ನೂ ಕಷ್ಟ. ಆದ್ದರಿಂದಲೇ ಖಾಲಿ ಗಾಡಿಯಲ್ಲಿ ತೋರದ ರೋಗ ಏರಿನಲ್ಲಿ ತೋರುತ್ತಿತ್ತು. ಪ್ಲಗ್ಗು ಪೆಟ್ರೋಲಿನಲ್ಲಿ ನೆನೆದಿದ್ದದ್ದು ಕಾರ್ಬ್ಯುರೇಟರಿನ ತಪ್ಪಲ್ಲ. ಕಿಡಿ ಇಲ್ಲದೆ ಉರಿಯದೆ ಉಳಿದ ಪೆಟ್ರೋಲು ಅದು. ಪರಿಣಾಮವನ್ನೇ ಕಾರಣವೆಂದು ತಿಳಿದು ಕಾರ್ಬ್ಯುರೇಟರು ಬಿಚ್ಚಿದೆವು. ಅದೇ ತಪ್ಪು ತಿಳಿವಳಿಕೆಯಿಂದ ಒಬ್ಬ ಪ್ರಾಮಾಣಿಕನನ್ನು ಕಳ್ಳನೆಂದೆವು.

ನಮಗೆ ಹೊಸ ಪಾಠವೇನಲ್ಲ

ರೋಗ ಗುರುತಿಸಿ ಮದ್ದು ಕೊಡುವ ವಿದ್ಯೆ ಅಡಿಕೆ-ಕಾಫಿ ಬೆಳೆಗಾರರಿಗೆ ಹೊಸದಲ್ಲ. ಕೊಳೆರೋಗಕ್ಕೆ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು, ದೇವರಿಗೆ ಹರಕೆ ಹೊರುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ತೋಟಕ್ಕೆ ಬಂದು, ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇದು ಶಿಲೀಂಧ್ರದ ಕೆಲಸ ಎಂದು ತೋರಿಸಿ, 1910ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಆ ಪರೀಕ್ಷೆಯ ಬಲದಿಂದ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆಯ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ. ಅಡಿಕೆ ಮರದ ಸೋಗೆ ಹಳದಿಯಾದರೆ ಬೇರುಹುಳುವೋ, ನೀರು ಬಸಿಯದ್ದೋ, ಪೋಷಕಾಂಶದ ಕೊರತೆಯೋ, ಹಳದಿ ಎಲೆ ರೋಗವೋ ಎಂದು ಬುಡ ಅಗೆದು ನೋಡುವವನು ಜಾಣ. ನೋಡದೆ ಯೂರಿಯಾ ಸುರಿಯುವವನನ್ನು ಕಂಡು ನಾವು ನಗುತ್ತೇವೆ. ಅದೇ ನಾವು ಗಾಡಿಯ ವಿಷಯ ಬಂದಾಗ ಯೂರಿಯಾ ಸುರಿಯುವವರೇ ಆಗುತ್ತೇವೆ.

ಯಾವ ಕ್ರಮದಲ್ಲಿ ನೋಡಬೇಕು

ಪೆಟ್ರೋಲು ಇಂಜಿನಿನ ಸಿಲಿಂಡರು ಕೆಲಸ ಮಾಡಲು ಬೇಕಾದದ್ದು ಮೂರೇ: ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಹದದ ಗಾಳಿ-ಪೆಟ್ರೋಲು, ಸಾಕಷ್ಟು ಕಂಪ್ರೆಷನ್. ಇಂಜಿನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೇರಿ ಸೆಕೆಂಡಿಗೆ ನೂರು ಕಿಡಿ ಬೇಕು. ಇದರಲ್ಲಿ ಒಂದೆರಡು ತಪ್ಪಿದರೂ ಗಾಡಿ ಜಗ್ಗುತ್ತದೆ. ಯಾವುದು ತಪ್ಪುತ್ತಿದೆ ಎಂದು ತಿಳಿಯುವುದೇ ಕೆಲಸ.

ಮೊದಲನೆಯದಾಗಿ, ಸ್ಪ್ಯಾನರು ಹಿಡಿಯುವ ಮುಂಚೆ ಪ್ರಶ್ನೆ ಕೇಳಬೇಕು. ಯಾವಾಗ ಮಿಸ್ ಹೊಡೆಯುತ್ತದೆ? ತಣ್ಣಗಿದ್ದಾಗಲೋ, ಕಾದ ಮೇಲೋ? ಮಳೆಯಲ್ಲೋ, ಬಿಸಿಲಲ್ಲೋ? ಖಾಲಿಯಲ್ಲೋ, ಹೊರೆಯಲ್ಲೋ? ತಾಳ ತಪ್ಪದೆ ಒಂದೇ ಲಯದಲ್ಲಿ ಬಿಡುತ್ತಿದ್ದರೆ ಒಂದು ಸಿಲಿಂಡರಿನ ತೊಂದರೆ: ಅದರ ಪ್ಲಗ್ಗು, ವೈರು, ವಾಲ್ವು. ಲಯವಿಲ್ಲದೆ ಎಲ್ಲೆಂದರಲ್ಲಿ ಬಿಡುತ್ತಿದ್ದರೆ ನಾಲ್ಕಕ್ಕೂ ಸೇರಿದ ಭಾಗದ ತೊಂದರೆ: ಪಾಯಿಂಟು, ಕಂಡೆನ್ಸರು, ಕಾಯಿಲು, ರೋಟರು, ಪೆಟ್ರೋಲು. ಕಾದ ಮೇಲೆ ಮಾತ್ರ ಬಂದರೆ ಕಾಯಿಲು, ಕಂಡೆನ್ಸರುಗಳ ಮೇಲೆ ಅನುಮಾನ. ತೇವದಲ್ಲಿ ಮಾತ್ರ ಬಂದರೆ ಕ್ಯಾಪು ಮತ್ತು ವೈರುಗಳ ಮೇಲೆ. ಇದಕ್ಕೆ ಉತ್ತರ ಬಲ್ಲವನು ದಿನವೂ ಗಾಡಿ ಓಡಿಸುವವನು, ಮಾಲೀಕನಲ್ಲ.

ಎರಡನೆಯದಾಗಿ, ನಾಲ್ಕರಲ್ಲಿ ಯಾವುದು ಎಂದು ಹುಡುಕಬೇಕು. ಇಂಜಿನು ನಿಧಾನದಲ್ಲಿ ಓಡುತ್ತಿರುವಾಗ, ಹಿಡಿಗೆ ಒಳ್ಳೆಯ ರಬ್ಬರು ಹೊದಿಕೆಯಿರುವ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ವೈರನ್ನು ಕಿತ್ತು ಇಂಜಿನಿನ ಮೈಗೆ ತಾಗಿಸಿ ಹಿಡಿಯಿರಿ. ಗಾಳಿಯಲ್ಲಿ ಬಿಟ್ಟರೆ ಕಾಯಿಲಿಗೆ ಪೆಟ್ಟು. ಕಿತ್ತಾಗ ಇಂಜಿನು ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರು ಕೆಲಸ ಮಾಡುತ್ತಿದೆ ಎಂದರ್ಥ. ಕಿತ್ತರೂ ವ್ಯತ್ಯಾಸವೇ ಇಲ್ಲದಿದ್ದರೆ ಅದೇ ಕೆಲಸಗಳ್ಳ. ಈ ಪರೀಕ್ಷೆಯನ್ನು ರೋಗ ತೋರುವ ಹೊತ್ತಿನಲ್ಲೇ ಮಾಡಬೇಕು. ಒಣಹೊತ್ತಿನಲ್ಲಿ ಮಾಡಿದ್ದರೆ ನನ್ನ ಗಾಡಿಯ ನಾಲ್ಕೂ ಸಿಲಿಂಡರುಗಳು ಸಾಚಾ ಎನಿಸುತ್ತಿದ್ದವು. ಕೈ ಒದ್ದೆಯಿರಬಾರದು, ಪಂಚೆ-ಟವೆಲಿನ ಅಂಚು ಫ್ಯಾನಿಗೆ ಸಿಕ್ಕಬಾರದು.

ಮೂರನೆಯದಾಗಿ, ಹೊಸದನ್ನು ಕೊಳ್ಳುವ ಮುಂಚೆ ಇದ್ದದ್ದನ್ನು ಅದಲು ಬದಲು ಮಾಡಿ. ಕೆಟ್ಟ ಸಿಲಿಂಡರಿನ ಪ್ಲಗ್ಗನ್ನು ಒಳ್ಳೆಯದಕ್ಕೆ ಹಾಕಿ. ರೋಗವೂ ಜೊತೆಗೆ ಹೋದರೆ ಪ್ಲಗ್ಗೇ ಕಾರಣ. ಹೋಗದಿದ್ದರೆ ವೈರು ಬದಲಿಸಿ ನೋಡಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ಒಟ್ಟಿಗೆ ಐದು ಭಾಗ ಬದಲಿಸಿದರೆ ಗಾಡಿ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ನಾಲ್ಕನೆಯದಾಗಿ, ಅಳತೆ. ನಾನು ಹೇಳಿದ ಹರಿಕೇನ್ ಇಂಜಿನಿಗೆ ಪಾಯಿಂಟಿನ ಸಂದು 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರು. ಪ್ಲಗ್ಗಿನ ಸಂದು 0.030 ಇಂಚು. ಕಿಡಿಯ ಸರದಿ 1-3-4-2. ಇದನ್ನು ಬಾನೆಟ್ಟಿನ ಒಳಮೈಗೆ ಬಣ್ಣದಲ್ಲಿ ಬರೆದಿಡಿ. ವೈರು ತಪ್ಪಿ ಹಾಕಿ ಇಡೀ ದಿನ ಕಳೆದವರನ್ನು ನಾನು ಕಂಡಿದ್ದೇನೆ. ಪಾಯಿಂಟಿನ ಸಂದು ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ತಪ್ಪುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಕಂಬ ಅಲ್ಲಾಡುತ್ತಿದೆ, ಬುಷ್ಷು ಸವೆದಿದೆ ಎಂದು ತಿಳಿಯಿರಿ. ಎಷ್ಟು ಹೊಸ ಪಾಯಿಂಟು ಹಾಕಿದರೂ ಅದು ನಿಲ್ಲದು.

ಐದನೆಯದಾಗಿ, ಕಂಪ್ರೆಷನ್. ಇಂಜಿನು ಕಾದ ಮೇಲೆ ನಾಲ್ಕೂ ಪ್ಲಗ್ಗು ತೆಗೆದು, ಕಾಯಿಲಿನ ಸಂಪರ್ಕ ಕಳಚಿ, ಆಕ್ಸಿಲರೇಟರು ಪೂರ್ತಿ ಒತ್ತಿ ಹಿಡಿದು, ಗೇಜು ಇಟ್ಟು ಸ್ಟಾರ್ಟರು ತಿರುಗಿಸಬೇಕು. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕೂ ಒಂದಕ್ಕೊಂದು ಹತ್ತಿರವಿವೆಯೇ ಎನ್ನುವುದು ಮುಖ್ಯ. ಶೇಕಡ ಹತ್ತು ಹದಿನೈದಕ್ಕಿಂತ ಹೆಚ್ಚು ಅಂತರವಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನಿನ ರಿಂಗು ಸವೆದಿದೆ. ಏರದಿದ್ದರೆ ವಾಲ್ವು. ಅಕ್ಕಪಕ್ಕದ ಎರಡೂ ಒಟ್ಟಿಗೆ ಇಳಿದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ಟು ಹೋಗಿರುವ ಸಂಭವ ಹೆಚ್ಚು. ದೇಶದಲ್ಲೆಲ್ಲ 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲೇ ಬರುತ್ತಿದೆ. ಸೀಸದ ಪೆಟ್ರೋಲಿಗೆಂದು ಮಾಡಿದ ಎಷ್ಟೋ ಹಳೆಯ ಇಂಜಿನುಗಳಲ್ಲಿ ಹೊಗೆ ವಾಲ್ವಿನ ಪೀಠ ಬೇಗ ಸವೆದು, ವಾಲ್ವಿನ ಸಂದು ಕಿರಿದಾಗಿ, ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ವರ್ಷಕ್ಕೊಮ್ಮೆಯಾದರೂ ವಾಲ್ವಿನ ಸಂದು ನೋಡಿಸಬೇಕು. ಹರಿಕೇನಿಗೆ ತಣ್ಣಗಿದ್ದಾಗ ಒಳವಾಲ್ವಿಗೆ 0.018, ಹೊಗೆ ವಾಲ್ವಿಗೆ 0.016 ಇಂಚು.

ಕೊನೆಯದಾಗಿ ಪೆಟ್ರೋಲು ಮತ್ತು ಗಾಳಿ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನ ಸುತ್ತ ಸೋಪುನೀರು ಹಚ್ಚಿದಾಗ ಇಂಜಿನಿನ ದನಿ ಬದಲಾದರೆ ಅಲ್ಲಿ ಕಳ್ಳಗಾಳಿ ಹೋಗುತ್ತಿದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಕೊಟ್ಟರು. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೆಯ ರಬ್ಬರಿನ ಪೈಪು, ಪಂಪಿನ ಡಯಾಫ್ರಾಮುಗಳನ್ನೂ ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಅರೆ ಟ್ಯಾಂಕು ಪೆಟ್ರೋಲಿನಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಅನುಮಾನ ಬಂದರೆ ತಳದಿಂದ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ, ಬೆಂಕಿಯಿಂದ ದೂರ ರಾತ್ರಿ ಇಟ್ಟು, ಬೆಳಗ್ಗೆ ಎರಡು ಪದರ ಕಾಣುತ್ತದೆಯೇ ನೋಡಿ. ರಬ್ಬರು ಪೈಪುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿಕೊಳ್ಳಿ.

ಡೀಸೆಲು ಮತ್ತು ಹೊಸ ಗಾಡಿಯವರಿಗೆ

ಹಳೆಯ ಡೀಸೆಲು ಪಿಕಪ್ಪಿಗೆ ಪ್ಲಗ್ಗಿನ ಕಿಡಿ ಇಲ್ಲ. ಅಲ್ಲಿ ಮಿಸ್ ಹೊಡೆಯುವುದು ಡೀಸೆಲಿನಲ್ಲಿ ಗಾಳಿ ಸೇರಿದ್ದರಿಂದ, ಫಿಲ್ಟರಿನಲ್ಲಿ ನೀರು ನಿಂತದ್ದರಿಂದ, ಇಂಜೆಕ್ಟರು ಕೆಟ್ಟದ್ದರಿಂದ, ಇಲ್ಲವೇ ಕಂಪ್ರೆಷನ್ ಇಳಿದದ್ದರಿಂದ. ಒಂದೊಂದೇ ಇಂಜೆಕ್ಟರು ಪೈಪಿನ ನಟ್ಟು ಸಡಿಲಿಸಿ ಕೆಲಸಗಳ್ಳ ಸಿಲಿಂಡರನ್ನು ಹುಡುಕುವ ಪದ್ಧತಿ ಹಳೆಯ ಪಂಪಿನ ಗಾಡಿಗೆ ಮಾತ್ರ, ಅದೂ ಬಲ್ಲವರ ಕೈಯಲ್ಲಿ. ಚಿಮ್ಮುವ ಡೀಸೆಲು ಚರ್ಮ ತೂರಿ ಒಳಹೋಗಬಲ್ಲದು, ಬೆರಳು ಅಡ್ಡ ಹಿಡಿಯಬೇಡಿ. ಈಚಿನ ಕಾಮನ್‌ರೈಲು ಗಾಡಿಗಳ ಪೈಪನ್ನು ಇಂಜಿನು ಓಡುವಾಗ ಮುಟ್ಟಲೇಕೂಡದು. ಇಂಜೆಕ್ಷನ್ ಇರುವ ಹೊಸ ಪೆಟ್ರೋಲು ಗಾಡಿಯಲ್ಲಿ ಇಕ್ಕಳದ ಪರೀಕ್ಷೆ ಬೇಡ. ಸ್ಕ್ಯಾನರು ಹಾಕಿದರೆ ಪಿ0301 ಎಂದು ಬಂದಲ್ಲಿ ಒಂದನೆಯ ಸಿಲಿಂಡರು, ಪಿ0304 ಎಂದರೆ ನಾಲ್ಕನೆಯದು, ಪಿ0300 ಎಂದರೆ ಒಂದಕ್ಕೇ ನಿಲ್ಲದ ತೊಂದರೆ. ಆದರೆ ಸ್ಕ್ಯಾನರೂ ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಏಕೆ ಎಂಬುದನ್ನು ಅಲ್ಲಿಯೂ ಮನುಷ್ಯನೇ ಹುಡುಕಬೇಕು.

ಸಂಘ ಮಾಡಬೇಕಾದದ್ದು

‘ಇಷ್ಟೆಲ್ಲ ತಲೆಬಿಸಿ ಏಕೆ, ಹೊಸ ಗಾಡಿ ತೆಗೆದರಾಯಿತು’ ಎನ್ನುವವರಿದ್ದಾರೆ. ಶಕ್ತಿಯಿದ್ದವರು ತೆಗೆಯಲಿ, ಸಂತೋಷ. ಚಾಸಿಗೆ ತುಕ್ಕು ಹಿಡಿದು, ಬ್ರೇಕು ನಿಲ್ಲದೆ, ನಾಲ್ಕೂ ಸಿಲಿಂಡರು ಇಳಿದ ಗಾಡಿಯನ್ನು ಮೋಹದಿಂದ ಇಟ್ಟುಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಆದರೆ ದರ ಏರಿದ ವರ್ಷ ಸಾಲ ಮಾಡಿ ಗಾಡಿ ತಂದು, ದರ ಬಿದ್ದ ವರ್ಷ ಕಂತು ಕಟ್ಟಲಾಗದೆ ಒದ್ದಾಡುವುದನ್ನು ನಾವು ಕಾಣದವರಲ್ಲ. 2000ದ ಇಸವಿಯ ಆಚೀಚೆ ಕಾಫಿ ದರ ನೆಲಕಚ್ಚಿದ ವರ್ಷಗಳನ್ನು ನಮ್ಮ ವಯಸ್ಸಿನವರು ಮರೆಯಲಾರರು. ನಾಲ್ಕೈದು ಎಕರೆಯ ಬೆಳೆಗಾರನಿಗೆ ಸಾಲವಿಲ್ಲದ ಹಳೆಯ ಗಾಡಿ ಒಂದು ಆಸ್ತಿ. ಕೆಲವು ನೂರು ರೂಪಾಯಿಯ ಕ್ಯಾಪಿಗಾಗಿ ಅಂಥ ಗಾಡಿಯನ್ನು ಗುಜರಿಗೆ ಹಾಕುವುದು ವಿವೇಕವಲ್ಲ.

ಆದ್ದರಿಂದ ಮೂರು ಸಲಹೆಗಳನ್ನು ಸದಸ್ಯರ ಮುಂದೆ ಇಡುತ್ತಿದ್ದೇನೆ. ಒಂದು, ಸಂಘವು ಒಂದು ಕಂಪ್ರೆಷನ್ ಗೇಜು, ಒಂದು ಟೈಮಿಂಗ್ ಲೈಟು, ಒಂದು ಜೊತೆ ಫೀಲರ್ ಗೇಜು, ಒಂದು ಮಲ್ಟಿಮೀಟರು ಕೊಂಡು, ಸ್ಪ್ರೇಯರುಗಳನ್ನು ಎರವಲು ಕೊಡುವಂತೆ ರಸೀದಿಯ ಮೇಲೆ ಕೊಡಬೇಕು. ಇವೆಲ್ಲವೂ ಸೇರಿ, ನಾನೊಬ್ಬನೇ ಐದು ತಿಂಗಳಲ್ಲಿ ಕಳೆದ ಹಣಕ್ಕಿಂತ ಕಡಿಮೆಗೆ ಬರುತ್ತವೆ. ಎರಡು, ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಳೆ ಹಿಡಿಯುವ ಮುಂಚೆ ಒಂದು ದಿನ ಗೋದಾಮಿನ ಅಂಗಳದಲ್ಲಿ ಬಲ್ಲ ಮೆಕ್ಯಾನಿಕರನ್ನು ಕರೆಸಿ, ಸದಸ್ಯರ ಗಾಡಿ ಪರೀಕ್ಷಿಸಿ, ಕೊರತೆಯನ್ನು ಚೀಟಿಯಲ್ಲಿ ಬರೆದುಕೊಡಬೇಕು. ಅಂದು ಭಾಗ ಮಾರುವವರನ್ನು ಕರೆಯುವುದು ಬೇಡ. ಮೂರು, ಆ ದಿನ ಮಾಲೀಕರ ಜೊತೆಗೆ ಡ್ರೈವರುಗಳೂ ಬರಬೇಕು, ಮಾತನಾಡಬೇಕು. ವಾರ್ಷಿಕ ಸಭೆಯಲ್ಲಿ ಇದನ್ನು ಗೊತ್ತುವಳಿಯಾಗಿ ಮಂಡಿಸುತ್ತೇನೆ. ಒಪ್ಪುವುದು ಬಿಡುವುದು ತಮ್ಮದು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಮಳೆ ಪುಸ್ತಕದ ಪಕ್ಕದಲ್ಲಿ ಗಾಡಿಗೂ ಒಂದು ಪುಸ್ತಕ ಇಟ್ಟು, ತೊಂದರೆ ಬಂದ ದಿನ, ಹೊತ್ತು, ಹವೆ, ಹೊರೆ ಬರೆದಿಡಿರಿ. ಅದಕ್ಕೆ ಸಂಘದ ಅಪ್ಪಣೆ ಬೇಕಿಲ್ಲ.

ಕ್ಯಾಪು ಬದಲಿಸಿದ ಮಾರನೆಯ ದಿನ ನಾನು ಡ್ರೈವರಿನ ಮನೆಗೆ ಹೋಗಿ, ಆತನ ಹೆಂಡತಿ ಮಕ್ಕಳ ಎದುರಿನಲ್ಲೇ ತಪ್ಪು ನನ್ನದೆಂದು ಹೇಳಿದೆ. ಕಾಫಿ ಕೊಟ್ಟರು, ಕುಡಿದೆ. ಕೆಲಸಕ್ಕೆ ಮರಳಿ ಬಾ ಎಂದು ಕರೆದೆ. ‘ಇಲ್ಲ ಅಯ್ಯಾ, ಬೇರೆ ಕಡೆ ಟ್ರ್ಯಾಕ್ಟರಿಗೆ ಒಪ್ಪಿಕೊಂಡಾಗಿದೆ’ ಎಂದ. ಗಾಡಿಗೆ ಏನಾಗಿತ್ತು ಎಂದು ಮಾತ್ರ ವಿವರವಾಗಿ ಕೇಳಿ ತಿಳಿದುಕೊಂಡ. ಅಂಗಳದಲ್ಲಿ ಕೇಳಿದ ನಾಲ್ಕು ಜನರಿಗೆ ಸತ್ಯ ತಿಳಿಸಿದ್ದೇನೆ. ಆದರೆ ಆ ಮಾತು ಆಗಲೇ ನಾಲ್ವರನ್ನು ದಾಟಿ ಊರೆಲ್ಲ ಹಬ್ಬಿದ್ದರಿಂದ, ಊರಿನವರೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದೆ. ಹೆಸರು ಹಾಕಬೇಡಿ ಎಂದು ಆತನೇ ಕೇಳಿಕೊಂಡದ್ದರಿಂದ ಹಾಕಿಲ್ಲ. ಯಾರೆಂಬುದು ಊರಿನವರಿಗೆ ತಿಳಿದೇ ಇದೆ.

ಮುಂದಿನ ಸಂಚಿಕೆಯಲ್ಲಿ ಎಂದಿನಂತೆ ಮೈಲುತುತ್ತದ ವಿಚಾರ ಬರೆಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ